ನಲವತ್ತೇಳನೇ ಬಳ್ಳಿ

ಜೂನ್ 28, ಸೋಮವಾರ

ಕಲ್ಲುಬೆಂಚು ಮತ್ತೆ ಬಿಡಿಸಿದೆ. ನಾಲ್ಕನೇ ಸಲ. ಬೆಂಚು ಬೆಂಚಿನ ಹಾಗೆ ಕಂಡರೆ ಸಾಕು ಅನ್ನುತ್ತಾಳೆ ಯೊಕ್. ಸಾಲದು. ನಮ್ಮ ವಿಭಾಗದ ಬೆಂಚಿನ ಎಡಮೂಲೆ ಮುರಿದಿದೆ. ಮುರಿದೇ ಇರಬೇಕು. ಕೆಟ್ಟು ನಿಂತ ನೀರಿನ ಮಷೀನು, ಮೆಟ್ಟಿಲಿಗೆ ಅಡ್ಡ ಮಲಗುವ ಕಂದು ನಾಯಿ, ಮಾಂಸದುಂಡೆ ಕರಿಯುವ ಹೆಂಗಸಿನ ಗಾಡಿ — ಎಲ್ಲ ಆಯಿತು. ಕಟ್ಟಡದ ಕಂಬಗಳ ನಡುವೆ ನಾವೆಲ್ಲ ಇಡೀ ದಿನ ಬಿದ್ದುಕೊಂಡಿರುತ್ತಿದ್ದ ಜಾಗ ಇದ್ದ ಹಾಗೇ ಬರಬೇಕು. ಹೆಸರೂ ಅದೇ ಇಟ್ಟಿದ್ದೇವೆ. ಜಗುಲಿ.

ಸೋಂಕಿನಿಂದ ಕಾಲೇಜು ಮುಚ್ಚಿದೆ. ಹೊಸದಾಗಿ ಸೇರಿದ ಮಕ್ಕಳು ಕಾಲೇಜಿರುವ ಖೋನ್ ಕೇನ್ ಊರನ್ನೇ ನೋಡಿಲ್ಲ. ಅವರವರ ಮನೆಯಲ್ಲಿ ಕೂತು ಫೋನಿನೊಳಗೆ ನಾವು ಕಟ್ಟುತ್ತಿರುವ ಈ ಜಗುಲಿಗೆ ಒಂದೊಂದು ಗೊಂಬೆಯಾಗಿ ಬರುತ್ತಾರೆ. ಗೊಂಬೆ ಗೊಂಬೆಯ ಹತ್ತಿರ ಹೋದರೆ ಮಾತು ಕೇಳಬೇಕು, ದೂರ ಸರಿದರೆ ನಿಲ್ಲಬೇಕು. ಚಿತ್ರ, ವಿನ್ಯಾಸ ನನ್ನದು. ಜನ, ಪಟ್ಟಿ, ಪಾಸ್‌ವರ್ಡ್ ಯೊಕ್‌ದು. ಕೋಡು ವಿರೋತ್ ಮೇಷ್ಟ್ರ ಲ್ಯಾಬಿನದು.

ಯೊಕ್ ಕಪ್ಪು ತೊಳೆದಿಲ್ಲ. ಮೂರು ದಿನದ್ದು. ಮೊದಲ ವರ್ಷದಿಂದ ಒಂದೇ ಕೋಣೆ, ಅವಳ ಮಂಚಕ್ಕೂ ನನ್ನದಕ್ಕೂ ಎರಡು ಮೊಳ ದೂರ. ಹೇಳಿ ಹೇಳಿ ಬಾಯಿ ನೋಯುತ್ತದೆ.

ಜುಲೈ 1, ಗುರುವಾರ

ವಿರೋತ್ ಆಚಾನ್ ಜೊತೆ ಮೀಟಿಂಗ್. ಒಳ್ಳೆಯ ಮೇಷ್ಟ್ರು. ಆದರೆ ಶಾಲೆಯಿಂದ ಹಿಡಿದು ಹದಿನೈದು ವರ್ಷ ಜರ್ಮನಿಯಲ್ಲಿ ಓದಿ ಬಂದವರು.

"ಈ ನಂಬರ್ ಬಳ್ಳಿ ಅಂದ್ರೆ ಏನಮ್ಮ ಚಬಾ? ನಂಗೆ ಅರ್ಥ ಆಗೋ ಹಾಗೆ ಹೇಳು."

ಹೇಳಿದೆ. ರೋಲ್ ನಂಬರಿನ ಕೊನೆಯ ಎರಡಂಕಿ ಒಂದೇ ಇದ್ದವರು ಒಂದು ಮನೆತನ. ಮೂರನೇ ವರ್ಷದ ನನ್ನದು 47. ಎರಡನೇ ವರ್ಷದ 47 ಚೊಂಪೂ, ನನ್ನ ತಂಗಿ. ಈ ವರ್ಷ ಬರುವ 47ಕ್ಕೆ ಅವಳು ಅಕ್ಕ, ನಾನು ದೊಡ್ಡಮ್ಮ. ಇಪ್ಪತ್ತೊಂದು ವರ್ಷಕ್ಕೇ ದೊಡ್ಡಮ್ಮ! ಅಕ್ಕ ಮೊದಲು ಹೆಸರು ಹೇಳುವುದಿಲ್ಲ. ಮರೆಯಲ್ಲಿದ್ದು ಕಾಗದ ಬರೆಯುತ್ತಾಳೆ, ಸುಳಿವು ಕೊಡುತ್ತಾಳೆ, ತಿಂಡಿ ಕಳಿಸುತ್ತಾಳೆ. ಎರಡು ಮೂರು ತಿಂಗಳಾದ ಮೇಲೆ ಒಂದು ದಿನ ಎಲ್ಲರೂ ಒಟ್ಟಿಗೆ ಮುಖ ತೋರಿಸುತ್ತಾರೆ. ಅಲ್ಲಿಯವರೆಗೆ ಯಾರೆಂದು ಕಿರಿಯರು ಕೇಳುವ ಹಾಗಿಲ್ಲ. ಕೇಳಿದರೆ ಮರ್ಯಾದೆಯಲ್ಲ.

"ಮಧ್ಯೆ ಒಬ್ಬರು ಕಾಲೇಜು ಬಿಟ್ರೆ?"

"ಬಳ್ಳಿ ಹರೀತು ಅಂತೀವಿ ಆಚಾನ್," ಎಂದಳು ಯೊಕ್. "ದೊಡ್ಡಮ್ಮ ನೋಡ್ಕೋತಾಳೆ, ಇಲ್ಲಾ ಬೇರೆ ಬಳ್ಳಿಯೋರು ಸಾಕ್ಕೋತಾರೆ. ಆದ್ರೂ ನಾಲ್ಕು ವರ್ಷ ಆ ಮಗು ಎಲ್ಲರ ಬಾಯಲ್ಲೂ ಹರಿದ ಬಳ್ಳಿದೇ."

"ಹಾಗಾದ್ರೆ ಒಂದೂ ಹರೀಬಾರ್ದು. ಎಂಬತ್ತಾರು ಬಳ್ಳೀನೂ ಪೂರ್ತಿ ಇದ್ರೆ ವಿಶ್ವವಿದ್ಯಾಲಯದೋರಿಗೆ ಧೈರ್ಯವಾಗಿ ತೋರಿಸ್ಬಹುದು. ಎಲ್ಲಾ ವಿಭಾಗಕ್ಕೂ ನಿಮ್ಮ ಜಗುಲೀನೇ ಹಾಕ್ತಾರೆ."

"ಹರಿಯಲ್ಲ ಆಚಾನ್," ಎಂದಳು ಯೊಕ್, ಪಟ್ಟನೆ. ಅವಳು ಹಾಗೇ. ಮೊದಲು ಮಾತು ಕೊಡುವುದು, ಆಮೇಲೆ ದಾರಿ ಹುಡುಕುವುದು.

ಜುಲೈ 9, ಶುಕ್ರವಾರ

ಜಗುಲಿ ತೆರೆಯಿತು! ಒಂಬತ್ತಕ್ಕೆ ಆರು ಗೊಂಬೆ. ಹತ್ತಕ್ಕೆ ಇನ್ನೂರು. ಮುಖ ತೋರಿಸಬಾರದ ಅಕ್ಕ-ಅಣ್ಣಂದಿರ ತಲೆಗೆ ಅಂಟನ್ನದ ಬಿದಿರುಬುಟ್ಟಿ ಮಗುಚಿದ್ದೇನೆ, ಎರಡು ಕಣ್ಣು ಮಾತ್ರ ಕಾಣುತ್ತವೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಎಂಬತ್ತಾರು ಬಳ್ಳಿ, ಎಂಬತ್ತಾರೂ ಪೂರ್ತಿ. ಹೇಗೆ ಮಾಡಿದಳೋ ಈ ಯೊಕ್. ತಿಂಗಳಿಡೀ ಫೋನು ಕಿವಿಗೆ ಅಂಟಿಕೊಂಡೇ ಇತ್ತು. "ನೀನು ನಾಯಿ ಬಿಡಿಸು ಮಾರಾಯ್ತಿ, ಜನಾನ ನಾನ್ ನೋಡ್ಕೋತೀನಿ" ಅನ್ನುತ್ತಿದ್ದಳು. ನೋಡಿಕೊಂಡಳು. ಬೈದದ್ದಕ್ಕೆಲ್ಲ ನಾಚಿಕೆಯಾಯಿತು.

ಚೊಂಪೂ ಬಂದಳು! ಬುಟ್ಟಿ ಹೊತ್ತು ನೆಟ್ಟಗೆ ನನ್ನ ಪಕ್ಕಕ್ಕೇ ಬಂದು ನಿಂತಳು. ಏಪ್ರಿಲ್‌ನಿಂದ ಅವಳ ಸುದ್ದಿಯಿಲ್ಲ, ನಾನೂ ವಿಚಾರಿಸಿರಲಿಲ್ಲ, ಅದೊಂದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಬರೆದಳು: "ಅಕ್ಕ, ನನ್ ಫೋನ್ ಒಡೆದೋಯ್ತು. ಅಣ್ಣಂದು ಇಸ್ಕೊಂಡು ಬರ್ತೀನಿ. ಮಾತಾಡೋಕಾಗಲ್ಲ, ಇಲ್ಲೇ ಬರೀತೀನಿ, ಆಯ್ತಾ?" ಆಯ್ತು ಎಂದೆ. ಕಷ್ಟದಲ್ಲಿರುವ ಮನೆ, ಹೆಚ್ಚು ಕೆದಕಬಾರದು.

ಹೊಸ 47ರ ಹೆಸರು ಫಾಯ್. ಮುಕ್ದಹಾನ್ ಕಡೆ ಹಳ್ಳಿ. ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತರೆ ಮಾತ್ರ ಸಿಗ್ನಲ್ ಅಂತೆ.

ಜುಲೈ 24, ಶನಿವಾರ

ಫಾಯ್ ಕಾಲೇಜು ಬಿಡುತ್ತಾಳಂತೆ. ಚೊಂಪೂ ಬರೆದಳು. ಕ್ಲಾಸಿನಲ್ಲಿ ಕ್ಯಾಮೆರಾ ಹಾಕಿಸಿದ್ದಾರೆ. ಹಿಂದೆ ತಗಡಿನ ಗೋಡೆ, ಹುಂಜದ ಕೂಗು. ಅಮ್ಮ ಬಿದಿರು ಮೊಳಕೆಯ ಬುಟ್ಟಿ ಹೊತ್ತು ಅಡ್ಡ ಬಂದರಂತೆ. ಯಾರೋ ನಕ್ಕರು. ಫಾಯ್ ಅಮ್ಮನ ಮೇಲೆ "ಆಚೆ ಹೋಗು!" ಎಂದು ಕಿರುಚಿದಳು, ಮೈಕು ಆನ್ ಇದ್ದಾಗಲೇ. ಅವತ್ತಿನಿಂದ ಕ್ಲಾಸಿಗೆ ಬಂದಿಲ್ಲ. "ಏನ್ ಬರೀಲಿ ಅಕ್ಕ ಅವಳಿಗೆ?" ನೀತಿ ಹೇಳಬೇಡ ಎಂದೆ, ಅಷ್ಟೇ.

ಯೊಕ್ ಜೊತೆ ಜಗಳ. ದಿನಾ ಬಂದವರಿಗೆ ನಕ್ಷತ್ರ ಕೊಡಬೇಕಂತೆ, ಹೆಸರು ಬೋರ್ಡಿನ ಮೇಲೆ ಹಾಕಬೇಕಂತೆ. ಜಗುಲಿಗೆ ಯಾರಾದರೂ ನಕ್ಷತ್ರಕ್ಕೆ ಬರುತ್ತಾರೆಯೇ? ಚೊಂಪೂ ಮುಂದೆ ಎಲ್ಲ ಕಾರಿಕೊಂಡೆ. ಇವಳಿಗೆ ಎಲ್ಲವೂ ಪ್ರದರ್ಶನ, ನಗುವುದೂ ಪ್ರದರ್ಶನ, ಕುಡಿದ ಕಪ್ಪು ತೊಳೆಯುವ ಯೋಗ್ಯತೆ ಮಾತ್ರ ಇಲ್ಲ ಎಂದೆ. ಚೊಂಪೂ ಎರಡು ಸಲ ಬರೆಯಲು ಹೊರಟು ಅಳಿಸಿದಳು. ಆಮೇಲೆ: "ಯೊಕ್ ಅಕ್ಕಂಗೆ ನೀವಂದ್ರೆ ಪ್ರಾಣ ಅನ್ಸುತ್ತೆ ಅಕ್ಕ." ಪಾಪದ ಹುಡುಗಿ. ಬೆಳ್ಳಗಿರುವುದೆಲ್ಲ ಹಾಲು ಅವಳಿಗೆ.

ಜುಲೈ 25

ಯೊಕ್ ಕಪ್ಪು ತೊಳೆದಿಟ್ಟಿದ್ದಾಳೆ! ಸೂರ್ಯ ಯಾವ ಕಡೆ ಹುಟ್ಟಿದನೋ.

ಆಗಸ್ಟ್ 12, ಗುರುವಾರ

ಅಮ್ಮಂದಿರ ದಿನ. ಎಲ್ಲರೂ ಅಮ್ಮನ ಪಾದಕ್ಕೆ ಮಲ್ಲಿಗೆ ಇಟ್ಟ ಫೋಟೋ ಹಾಕಿದ್ದಾರೆ. ನಾನು ಹಾಕಲಿಲ್ಲ.

ಇವತ್ತು ಚೊಂಪೂಗೆ ಹೇಳಿಬಿಟ್ಟೆ. ಯಾರಿಗೂ ಹೇಳದ್ದು. ಮೊದಲ ವರ್ಷ ಅಮ್ಮ ನಮ್ಮ ವಿಭಾಗದ ಕಟ್ಟಡದಲ್ಲೇ ಕಸ ಗುಡಿಸುತ್ತಿದ್ದಳು, ಗುತ್ತಿಗೆಯವರ ನೀಲಿ ಅಂಗಿ ಹಾಕಿಕೊಂಡು. ಅಮ್ಮನಿಗೆ ಬಟ್ಟೆ ಅಂಗಡಿ ಇದೆ ಎಂದು ಎಲ್ಲರಿಗೂ ಹೇಳಿದ್ದೆ. ಒಂದು ದಿನ ಗೆಳತಿಯರ ಜೊತೆ ಮೆಟ್ಟಿಲು ಇಳಿಯುತ್ತಿದ್ದೆ. ಅಮ್ಮ ನೆಲ ಒರೆಸುತ್ತಿದ್ದವಳು ತಲೆಯೆತ್ತಿ ನಕ್ಕಳು. ನಾನು ಬಕೆಟ್ಟು ದಾಟಿಕೊಂಡು ಹೋದೆ. ಕಂಡೂ ಕಾಣದ ಹಾಗೆ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಕೆಲಸ ಬಿಟ್ಟು ಊರಿಗೆ, ರೋಯ್ ಎಟ್‌ಗೆ, ಹೋದಳು. ಅವತ್ತು ಮೆಟ್ಟಿಲ ಮೇಲೆ ಯೊಕ್ ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೂ ಇಂದಿನವರೆಗೆ ಹೇಳಿಲ್ಲ.

ಟೈಪ್ ಮಾಡುತ್ತಾ ಅಳು ಬಂತು. ಸದ್ಯ, ಯೊಕ್ ಗೋಡೆಯ ಕಡೆ ತಿರುಗಿ ಫೋನು ನೋಡುತ್ತಾ ಮಲಗಿದ್ದಳು. ಚೊಂಪೂ ಬರೆದಳು: "ಅಮ್ಮಂಗೆ ಫೋನ್ ಮಾಡಿ ಅಕ್ಕ. ಇವತ್ತೇ." ಮಾಡಿದೆ. ಊಟ ಆಯ್ತಾ ಎಂದಳು ಅಮ್ಮ. ಆಯ್ತು ಎಂದೆ. ಅದಕ್ಕಿಂತ ಮುಂದೆ ಹೋಗಲಿಲ್ಲ. ಆದರೂ ಎದೆ ಹಗುರ.

ಆಗಸ್ಟ್ 27, ಶುಕ್ರವಾರ

ವಿಶ್ವವಿದ್ಯಾಲಯದವರಿಗೆ ತೋರಿಸಿದೆವು. ಒಪ್ಪಿದರು! ಜನವರಿಯಿಂದ ಎಲ್ಲ ವಿಭಾಗಕ್ಕೂ ಜಗುಲಿ. ಒಬ್ಬರು ದೊಡ್ಡ ಅಧಿಕಾರಿ ತಮ್ಮ ಗೊಂಬೆಯನ್ನು ಕಂಬಕ್ಕೆ ಸಿಕ್ಕಿಸಿಕೊಂಡು ಹತ್ತು ನಿಮಿಷ ಒದ್ದಾಡಿದರು, ಪಾಪ.

ಫಾಯ್ ಮಾತಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. "ನಮ್ಮ ಅಕ್ಕ ಯಾರು ಅಂತ ನಂಗಿನ್ನೂ ಗೊತ್ತಿಲ್ಲ. ನಾನು ಕಾಲೇಜು ಬಿಡೋಳಿದ್ದೆ. ಅವ್ರು ಬರೆದಿದ್ದ ಒಂದು ಕಾಗದ ಓದಿ ಉಳ್ಕೊಂಡೆ. ಅವ್ರ ಮುಖ ನೋಡೋಕೆ ಕಾಯ್ತಾ ಇದೀನಿ." ಅಲ್ಲೇ ಅತ್ತುಬಿಟ್ಟೆ. ಯೊಕ್ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

ಮುಖ ತೋರಿಸುವ ದಿನ ಸೆಪ್ಟೆಂಬರ್ 25.

ಸೆಪ್ಟೆಂಬರ್ 14, ಮಂಗಳವಾರ. ಮಧ್ಯಾಹ್ನ 1.30

ಕ್ರಮವಾಗಿ ಬರೆಯುತ್ತೇನೆ.

ಫಾಯ್‌ಗೆ ಒಣಬಾಳೆ, ನನ್ನ ಹಳೆಯ ನೋಟ್ಸು ಕಳಿಸಲು ಮಾರ್ಕೆಟ್ಟಿನ ಪಾರ್ಸೆಲ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗಿ ನನ್ನನ್ನೇ ನೋಡಿದಳು.

"ಚಬಾ ಅಕ್ಕ! ಗುರ್ತು ಸಿಗ್ಲಿಲ್ವಾ?" ಮಾಸ್ಕು ಕೆಳಗೆಳೆದಳು. ಚೊಂಪೂ.

"ನೀನು ಇಲ್ಲಿ? ಬೆಳಿಗ್ಗೆ ಬರೆದಾಗ ಏನೂ ಹೇಳ್ಲಿಲ್ಲ!"

"ಬೆಳಿಗ್ಗೆನಾ? ಅಕ್ಕ, ನಾವು ಮಾತಾಡಿದ್ದು ಏಪ್ರಿಲ್‌ನಲ್ಲಿ ಅಲ್ವಾ, ನೀರೆರಚೋ ಹಬ್ಬಕ್ಕೆ ಮುಂಚೆ. ಆಮೇಲೆ ಅಪ್ಪನ ಕೆಲ್ಸ ಹೋಯ್ತು, ನಾನ್ ಮೇ ತಿಂಗಳಲ್ಲೇ ಕಾಲೇಜು ಬಿಟ್ಟೆ." ನನ್ನ ಮುಖ ನೋಡಿ ಗಾಬರಿಯಾದಳು. "ಯೊಕ್ ಅಕ್ಕ ಹೇಳ್ಲಿಲ್ವಾ? ಫೋನ್ ಮಾಡಿದ್ರು. ನೀವು ಬೇಜಾರ್ ಮಾಡ್ಕೋತೀರ, ನಿಧಾನಕ್ಕೆ ನಾನೇ ಹೇಳ್ತೀನಿ ಅಂದ್ರು."

ಕೈಲಿದ್ದದ್ದನ್ನು ಕೌಂಟರಿನ ಮೇಲಿಟ್ಟೆ. ಪಾರ್ಸೆಲ್ ಮೇಲಿನ ವಿಳಾಸ ಓದಿದಳು. "ನಮ್ಮ ಬಳ್ಳಿಗೆ ಮಗು ಬಂದಿದ್ಯಾ? ಫಾಯ್. ಹೆಸ್ರು ಚೆನ್ನಾಗಿದೆ." ಎರಡು ಸುತ್ತು ಟೇಪು ಜಾಸ್ತಿಯೇ ಸುತ್ತಿದಳು.

ಹಾಗಾದರೆ ಎರಡು ತಿಂಗಳಿಂದ ನಾನು ಯಾರಿಗೆ ಬರೆಯುತ್ತಿದ್ದೆ?

ಸಂಜೆ 5

ಯೊಕ್.

ಕೇಳಿದ ತಕ್ಷಣ ಒಪ್ಪಿಕೊಂಡಳು. ಒಂದು ಸುಳ್ಳಾದರೂ ಹೇಳುತ್ತಾಳೆಂದುಕೊಂಡಿದ್ದೆ. ಒಟ್ಟು ಒಂಬತ್ತು ಮಂದಿ ಕಾಲೇಜು ಬಿಟ್ಟಿದ್ದಾರೆ. ಒಂಬತ್ತು ಬುಟ್ಟಿಯೊಳಗೂ ಇವಳೇ. ಬುಟ್ಟಿ ಮಾಡಿಕೊಟ್ಟವಳು ನಾನು.

"ಬಳ್ಳಿ ಹರಿದಿದೆ ಅಂತ ಒಂಬತ್ತು ಮಕ್ಕಳಿಗೆ ಮೊದಲನೇ ದಿನವೇ ಹೇಳ್ಬೇಕಿತ್ತಾ? ಹೇಳಿದ್ರೆ ನಿನ್ನ ಜಗುಲಿ ಬರ್ತಿತ್ತಾ?"

"ನನ್ನ ಜಗುಲಿಯ ಹೆಸರು ಎತ್ತಬೇಡ. ಮಕ್ಕಳಿಗೆ ಬರೆದೆ, ಸರಿ. ನಂಗ್ಯಾಕೆ ಬರೆದೆ?"

"ನೀನು ಬಂದವಳೇ ಚೊಂಪೂನ ಹುಡುಕಿದೆ. ಅವಳ ಗೊಂಬೆ ಕಂಡು ಅಷ್ಟು ಖುಷಿಪಟ್ಟೆ. ಅವಳಿಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ."

"ಆಮೇಲೆ? ಎರಡು ತಿಂಗಳು ಯೊಕ್! ಎರಡು ತಿಂಗಳು!"

ತಲೆ ತಗ್ಗಿಸಿದಳು. "ಅವಳ ಹತ್ರ ಮಾತಾಡಿದ ಹಾಗೆ ನೀನು ನನ್ನ ಹತ್ರ ಯಾವತ್ತೂ ಮಾತಾಡಿಲ್ಲ ಚಬಾ. ಬಿಡೋಕಾಗ್ಲಿಲ್ಲ."

ಎರಡು ಮೊಳ ದೂರದ ಮಂಚ. ನಾನು ಟೈಪ್ ಮಾಡುವ ಸದ್ದು ಅವಳಿಗೆ ಕೇಳುತ್ತಿತ್ತು. ಅಮ್ಮಂದಿರ ದಿನ ನಾನು ಮೂಗು ಒರೆಸಿಕೊಂಡದ್ದೂ ಕೇಳಿದೆ. ಗೋಡೆಗೆ ಮುಖ ಮಾಡಿ ಮಲಗಿ ನನ್ನ ಅಮ್ಮನ ಬಗ್ಗೆ ನನಗೇ ಬುದ್ಧಿ ಹೇಳಿದಳು. ತೊಳೆದಿಟ್ಟ ಕಪ್ಪೊಂದನ್ನು ಗೋಡೆಗೆ ಎಸೆದೆ. ಅವಳು ಚೂರು ಆರಿಸತೊಡಗಿದಳು. ನಾನು ಎದ್ದು ಹೊರಗೆ ಬಂದೆ.

ಸೆಪ್ಟೆಂಬರ್ 15

ಫಾಯ್‌ಗೆ ಬರೆದ ಕಾಗದಗಳನ್ನು ತೋರಿಸು ಎಂದೆ. ಯೊಕ್ ಕೊಡಲು ಹಿಂದೆಮುಂದೆ ನೋಡಿದಳು. ಕಸಿದುಕೊಂಡೆ.

ಆಗಸ್ಟ್ 13ರದ್ದು. "ತಂಗೀ, ನೀನು ಅಮ್ಮನನ್ನು ಆಚೆ ಹೋಗು ಎಂದೆ. ನಾನು ಅಷ್ಟನ್ನೂ ಅನ್ನಲಿಲ್ಲ. ನನ್ನ ಅಮ್ಮ ನೆಲ ಒರೆಸುತ್ತಾ ತಲೆಯೆತ್ತಿ ನಕ್ಕಳು. ನಾನು ಬಕೆಟ್ಟು ದಾಟಿಕೊಂಡು ಹೋದೆ..."

ಬಕೆಟ್ಟು ಕೂಡ ಬಿಟ್ಟಿಲ್ಲ. ಫಾಯ್ ಓದಿ ಉಳಿದುಕೊಂಡ ಕಾಗದ ಇದೇ. ಎರಡು ವರ್ಷ ಹಲ್ಲು ಕಚ್ಚಿ ಒಳಗಿಟ್ಟುಕೊಂಡದ್ದನ್ನು ಒಂದೇ ದಿನದಲ್ಲಿ ಹಂಚಿಬಿಟ್ಟಿದ್ದಾಳೆ. ಚೆನ್ನಾಗಿ ಬೇರೆ ಬರೆದಿದ್ದಾಳೆ. ನನಗಿಂತ ಚೆನ್ನಾಗಿ. ನಾನು ಬರೆದಾಗ ಬರೀ ನನ್ನ ನಾಚಿಕೆ ಇತ್ತು, ಇವಳ ಕಾಗದದಲ್ಲಿ ಅಮ್ಮ ಇದ್ದಾಳೆ. ಅದನ್ನು ಕಂಡು ಇನ್ನೂ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು.

"ಅವಳು ಬಿಟ್ಟು ಹೋಗ್ತಾಳೆ ಅನ್ನಿಸ್ತು. ನನ್ನ ಹತ್ರ ಬೇರೆ ಏನೂ ಇರ್ಲಿಲ್ಲ ಚಬಾ."

"ನನ್ನದು ಇತ್ತಲ್ಲ," ಎಂದೆ.

ಸೆಪ್ಟೆಂಬರ್ 21, ಮಂಗಳವಾರ

ಐದು ದಿನ ಬರೆಯಲಿಲ್ಲ. ಬರೆಯುವುದೆಂದರೆ ಹೇಸಿಗೆ. ಈ ಪುಸ್ತಕದೊಳಗೂ ಯಾರೋ ಬುಟ್ಟಿ ಹೊತ್ತು ಕೂತಿದ್ದಾರೆ ಅನ್ನಿಸುತ್ತದೆ.

ಊರಿಗೆ ಹೋಗಲು ಅವಳಿಗೂ ಬಸ್ಸಿಲ್ಲ, ನನಗೂ ಇಲ್ಲ. ಅದೇ ಕೋಣೆ. ಮಾತಿಲ್ಲ. ಅವಳು ಎರಡು ತಟ್ಟೆ ಅನ್ನ ತರುತ್ತಾಳೆ, ನಾನು ಕೆಳಗೆ ಹೋಗಿ ನೂಡಲ್ಸ್ ತಿನ್ನುತ್ತೇನೆ.

ಆಚಾನ್‌ಗೆ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು. "ಶನಿವಾರ ಬೇರೆ ಒಂಬತ್ತು ಜನ ಬುಟ್ಟಿ ತೆಗೆದು ಕೂತ್ಕೊಂಡ್ರೆ? ಮಕ್ಕಳಿಗೆ ಗೊತ್ತಾಗಲ್ಲ."

"ಆಗಲ್ಲ ಆಚಾನ್. ನೀವು ಹೇಳ್ದಿದ್ರೆ ನಾನ್ ಹೇಳ್ತೀನಿ."

"ಜಗುಲಿ ಹೋಗ್ಬಹುದು ಚಬಾ."

"ಹೋಗ್ಲಿ."

ಕೊನೆಗೆ ಅವರೂ ಒಪ್ಪಿದರು. ಮಾಡಿದವಳೇ ಹೇಳಲಿ ಎಂದರು. ಫಾಯ್ ಬಿಟ್ಟು ಉಳಿದ ಎಂಟು ಮಕ್ಕಳಿಗೆ ಯೊಕ್ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳುತ್ತಿದ್ದಾಳೆ. ಒಬ್ಬಳು ಬೈದಳು. ಒಬ್ಬ ಫೋನು ಇಟ್ಟುಬಿಟ್ಟ. ಪ್ರತಿ ಸಲವೂ ಯೊಕ್ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಾಳೆ. ನನಗೆ ಅಯ್ಯೋ ಅನ್ನಿಸಲಿಲ್ಲ. ಉಪ್ಪು ತಿಂದವಳು ನೀರು ಕುಡಿಯಲಿ.

ಫಾಯ್‌ಗೆ ನಾನೇ ಹೇಳುತ್ತೇನೆ ಎಂದಿದ್ದೇನೆ. ಯೊಕ್ ಅದೊಂದಕ್ಕೆ ಮಾತ್ರ ಬಾಯಿಬಿಟ್ಟಳು.

"ಬೈ, ಹೊಡಿ, ಏನಾದ್ರೂ ಮಾಡು. ಆದ್ರೆ ಆ ಕಾಗದ ಬರೆದ ಅಕ್ಕ ನೀನೇ ಅಂತ ಫಾಯ್ ಹತ್ರ ಹೇಳ್ಬಿಡು. ಹೇಗೂ ಕತೆ ನಿಂದೇ. ನಿಜ ಗೊತ್ತಾದ್ರೆ ಆ ಹುಡುಗಿ ಕಾಲೇಜು ಬಿಟ್ಟೇ ಬಿಡ್ತಾಳೆ."

ಎಷ್ಟು ಸುಲಭ ಅದು. ನಾಲ್ಕು ದಿನದಿಂದ ನಾನೂ ಅದನ್ನೇ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ಸೆಪ್ಟೆಂಬರ್ 24, ಶುಕ್ರವಾರ. ಸಂಜೆ 6

ಹೇಳಿದೆ. ಯೊಕ್‌ನನ್ನು ಹೊರಗೆ ಕಳಿಸಿ, ಕ್ಯಾಮೆರಾ ಹಾಕಿ, ಎಲ್ಲ ಹೇಳಿದೆ. ಚೊಂಪೂ ಕಾಲೇಜು ಬಿಟ್ಟದ್ದು, ಬುಟ್ಟಿ, ಕಾಗದ. ಫಾಯ್ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಜಡೆ, ಸಣ್ಣ ಮುಖ. ಸಿಗ್ನಲ್ ಹೋಯಿತೋ ಎಂದುಕೊಂಡೆ. ಹುಂಜ ಕೂಗಿತು, ಹೋಗಿಲ್ಲ.

"ಆ ಅಮ್ಮನ ಕತೆ... ಅದೂ ಸುಳ್ಳಾ ದೊಡ್ಡಮ್ಮ?"

"ಇಲ್ಲ. ಅದು ನಿಜ. ಅದು ನಂದು."

ಕಣ್ಣೊರೆಸಿಕೊಂಡಳು. "ನಿಮ್ಮಮ್ಮ ಚೆನ್ನಾಗಿದಾರಾ?"

ಚೆನ್ನಾಗಿದ್ದಾಳೆ ಎಂದೆ. ನೀನು ಕಾಲೇಜು ಬಿಡಬೇಡ, ನಾನಿದ್ದೇನೆ, ನಿಜವಾದ ದೊಡ್ಡಮ್ಮ ನಾನು, ಇನ್ನು ಮೇಲೆ ನಾನೇ ಬರೆಯುತ್ತೇನೆ ಎಂದೆ. ಒಂದೇ ಉಸಿರಿನಲ್ಲಿ. ಬೇಡಿಕೊಂಡೆ ಅಂದರೂ ಸರಿಯೇ.

"ಬಿಡಲ್ಲ ದೊಡ್ಡಮ್ಮ. ಇಷ್ಟು ದಿನ ಓದಿದೀನಿ, ಇನ್ಯಾಕೆ ಬಿಡ್ಲಿ."

ಉಸಿರು ಬಂತು. ಆಮೇಲೆ ಅವಳು ಜಡೆಯ ತುದಿ ತಿರುವುತ್ತಾ ಕೂತಳು. ಏನೋ ಕೇಳಬೇಕು, ಕೇಳಲು ಸಂಕೋಚ. ಕೇಳು ಎಂದೆ.

"ನಿಮಗೆ ಬೇಜಾರಾದ್ರೆ ಬೇಡ ದೊಡ್ಡಮ್ಮ... ಆ ಯೊಕ್ ಅಕ್ಕನ ನಂಬರ್ ಕೊಡ್ತೀರಾ?"

"ಫಾಯ್, ಅವಳು ನಿಂಗೆ ಸುಳ್ಳು ಹೇಳಿದಾಳೆ. ಕತೆ ನಂದು."

"ಹೂಂ, ಕತೆ ನಿಮ್ದೇ. ಆದ್ರೆ ಅವತ್ತು ನಂಗೆ ಹೇಳಿದ್ದು ಅವ್ರು."

ಕೊಟ್ಟೆ. ಅಂಕಿ ಒಂದೊಂದಾಗಿ ಹೇಳಿದೆ, ಅವಳು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಫೋನು ಇಟ್ಟ ಮೇಲೆ ಬಹಳ ಅತ್ತೆ. ಸತ್ಯ ಹೇಳಿದವಳು ನಾನು. ನನಗೆ ಕಾಗದ ಬರೆಯುವ ತಂಗಿಯೂ ಇಲ್ಲ, ಮಗಳೂ ಇಲ್ಲ ಈಗ. ಅಮ್ಮನ ವಿಷಯವೂ ನನ್ನದಾಗಿ ಉಳಿಯಲಿಲ್ಲ. ನಂಬಿದವಳೇ ಎಲ್ಲವನ್ನೂ ಹೊತ್ತುಕೊಂಡು ಹೋದಳು, ಹೋಗುವಾಗ ಪ್ರೀತಿಯನ್ನೂ ಬಿಡಲಿಲ್ಲ.

ಸೆಪ್ಟೆಂಬರ್ 25, ಶನಿವಾರ. ಬೆಳಿಗ್ಗೆ 11

ಮುಖ ತೋರಿಸುವುದು ಮುಗಿಯಿತು. ಎಪ್ಪತ್ತೇಳು ಬುಟ್ಟಿ ಒಟ್ಟಿಗೆ ಹಾರಿದವು. ಎಂಟು ಮಕ್ಕಳಲ್ಲಿ ಐವರು ಬಂದಿದ್ದರು. ಆಚಾನ್ ಅವರನ್ನು ತಾವೇ ಪಕ್ಕದಲ್ಲಿ ಕೂರಿಸಿಕೊಂಡರು.

ಆಮೇಲೆ ಕೈಗೆ ಬಿಳಿದಾರ ಕಟ್ಟಿ ಹರಸುವುದು. ಒಬ್ಬರಿಗೊಬ್ಬರು ಮುಟ್ಟಲಾಗದಲ್ಲ, ಅವರವರ ಮನೆಯಲ್ಲಿ ಯಾರಿದ್ದಾರೋ ಅವರು ಆಚೆಯವರ ಪರವಾಗಿ ಕಟ್ಟಬೇಕೆಂದು ಮಾಡಿದ್ದೆವು. ಫಾಯ್ ಕ್ಯಾಮೆರಾ ಹಾಕಿದಳು. ತಗಡಿನ ಗೋಡೆಯ ಮುಂದೆಯೇ ಕೂತಿದ್ದಳು. ಅವಳ ಅಮ್ಮ ಬಂದು, ಪರದೆಗೆ ಕೈಮುಗಿದು, "ಯೊಕ್ ಅಕ್ಕನ ಪರವಾಗಿ" ಎಂದು ಮಗಳ ಕೈಗೆ ದಾರ ಕಟ್ಟಿದರು. ಅಷ್ಟು ಜನರ ಎದುರಿಗೆ.

ಈ ಕಡೆ ಯೊಕ್‌ಗೆ ಫಾಯ್ ಪರವಾಗಿ ಯಾರಾದರೂ ಕಟ್ಟಬೇಕು. ಕೋಣೆಯಲ್ಲಿ ಇದ್ದದ್ದು ನಾನು. ಯೊಕ್ ಕೇಳಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಪರದೆಯಲ್ಲಿ ಫಾಯ್ ನನ್ನನ್ನೇ ನೋಡುತ್ತಿದ್ದಳು. ಅವಳ ಅಮ್ಮನೂ.

ದಾರ ತೆಗೆದುಕೊಂಡೆ. ಯೊಕ್ ಕೈ ಚಾಚಿದಳು, ಕಪ್ಪಿನ ಚೂರು ಕೊಯ್ದ ಗಾಯ ಇನ್ನೂ ಇತ್ತು. ಸುತ್ತಿದೆ. ಹರಸುವ ಮಾತು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ಎರಡು ಗಂಟು ಹಾಕುವುದು ಪದ್ಧತಿ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಒಂದು ಹಾಕಿದೆ. ಇನ್ನೊಂದಕ್ಕೆ ದಾರದ ತುದಿ ಹಿಡಿದುಕೊಂಡೆ, ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ನಾನು ಗಂಟು ಹಾಕಲಿಲ್ಲ, ತುದಿಯನ್ನು ಕೈಯಿಂದ ಬಿಡಲೂ ಇಲ್ಲ.